ಬೂದಿ, ಹುಣಸೆ, ಕಲಾಯಿ: ಅಡುಗೆಮನೆಯ ಅಲಿಖಿತ ಚರಿತ್ರೆ

ಚರಿತ್ರೆ ಎಂದಾಕ್ಷಣ ನಮಗೆ ನೆನಪಾಗುವುದು ಅರಸರು, ಯುದ್ಧಗಳು ಮತ್ತು ಕೋಟೆ ಕೊತ್ತಲಗಳು. ರಾಯಬಾಗ, ಅಥಣಿ, ಚಿಕ್ಕೋಡಿ ಸೀಮೆಯ ಚರಿತ್ರೆಯನ್ನೂ ನಾವು ಬಿಜಾಪುರದ ಆದಿಲ್‌ಶಾಹಿಗಳು, ಮರಾಠರು, ಬ್ರಿಟಿಷರು ಎಂದು ಹೇಳಿ ಮುಗಿಸಿಬಿಡುತ್ತೇವೆ. ಆದರೆ ರಾಯಬಾಗ ತಾಲೂಕಿನ ಪಾಲಬಾವಿಯಂತಹ ಹಳ್ಳಿಗಳಲ್ಲಿ ತಲೆಮಾರುಗಳ ಕಾಲ ಪಾತ್ರೆ ಬೆಳಗಿದವರು, ಬಟ್ಟೆ ಒಗೆದವರು, ಹಂಡೆಗೆ ಕಲಾಯಿ ಹಾಕಿದವರು ಯಾರು? ಅವರ ಕೈಯಲ್ಲಿದ್ದ ವಿದ್ಯೆ ಯಾವುದು? ಈ ಪ್ರಶ್ನೆಗೆ ಶಾಸನಗಳಲ್ಲಿ ಉತ್ತರ ಸಿಗುವುದಿಲ್ಲ. ಅದನ್ನು ಒಲೆಯ ಮೂಲೆಯಲ್ಲೇ ಹುಡುಕಬೇಕು.

ಮೊದಲು ಬೂದಿಯನ್ನೇ ನೋಡೋಣ. ಕಟ್ಟಿಗೆಯ ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಎಂಬ ಕ್ಷಾರವಿದೆ. ಅದು ಜಿಡ್ಡನ್ನು ಸಡಿಲಿಸುತ್ತದೆ; ಬೂದಿಯ ಸಣ್ಣ ಕಣಗಳು ಕರಿಯನ್ನು ಉಜ್ಜಿ ತೆಗೆಯುತ್ತವೆ. ನಮ್ಮ ಅಜ್ಜಿಯರಿಗೆ ಆ ಹೆಸರು ತಿಳಿದಿರಲಿಲ್ಲ, ಆದರೆ ಕೆಲಸ ತಿಳಿದಿತ್ತು. ವಿಶೇಷವೆಂದರೆ, ಕ್ಷಾರಕ್ಕೆ ವಿಜ್ಞಾನ ಬಳಸುವ 'ಆಲ್ಕಲಿ' ಎಂಬ ಪದ ಬಂದಿರುವುದೇ ಬೂದಿಯಿಂದ. ಅರಬಿಯಲ್ಲಿ 'ಅಲ್-ಕಿಲಿ' ಎಂದರೆ ಉಪ್ಪುನೆಲದ ಗಿಡಗಳನ್ನು ಸುಟ್ಟು ಪಡೆದ ಬೂದಿ. 1807ರಲ್ಲಿ ಹಂಫ್ರಿ ಡೇವಿ ಬೇರ್ಪಡಿಸಿದ ಪೊಟ್ಯಾಸಿಯಂ ಧಾತುವಿನ 'ಕೆ' ಎಂಬ ಸಂಕೇತ 'ಕಾಲಿಯಂ' ಎಂಬ ಹೆಸರಿನದು. ಅದರ ಬೇರೂ ಇದೇ ಅರಬಿ ಪದ. ಹೀಗೆ ಹಳ್ಳಿಯ ಒಲೆ ಮತ್ತು ಪ್ರಯೋಗಾಲಯ ಒಂದೇ ಬೂದಿಯ ವಾರಸುದಾರರು.

ಬಟ್ಟೆಯ ಕಥೆಯೂ ಇಂಥದ್ದೇ. ಅಗಸರು ಸವಳು ಮಣ್ಣನ್ನು ತಂದು ಬಟ್ಟೆ ಒಗೆಯುತ್ತಿದ್ದರು. ಅದರಲ್ಲಿರುವ ಸೋಡಾ ಕೊಳೆಯನ್ನು ಬಿಡಿಸುತ್ತಿತ್ತು. ಕೃಷ್ಣಾ-ಘಟಪ್ರಭಾ ಬಯಲಿನಲ್ಲಿ ಇಂದು 'ಸವಳು' ಎಂದರೆ ಅತಿ ನೀರಾವರಿಯಿಂದ ಹಾಳಾದ ಹೊಲ ಎಂಬ ಅರ್ಥವೇ ಮುಂದೆ ಬರುತ್ತದೆ. ಒಬ್ಬರ ಕಸುಬಿನ ಸಾಮಗ್ರಿ ಇನ್ನೊಬ್ಬರ ಸಂಕಟವಾಗಿದೆ. ರೇಷ್ಮೆ ಮತ್ತು ಒಡವೆಗಳಿಗೆ ಅಂಟುವಾಳ, ತಲೆಗೆ ಸೀಗೆ. ಇವೆರಡರಲ್ಲೂ ನೊರೆ ಬರಿಸುವ ಸ್ಯಾಪೋನಿನ್‌ಗಳಿವೆ. ಅಂಟುವಾಳದ ಸಸ್ಯಶಾಸ್ತ್ರೀಯ ಹೆಸರು 'ಸ್ಯಾಪಿಂಡಸ್'. ಲ್ಯಾಟಿನ್ನಿನಲ್ಲಿ ಅದರ ಅರ್ಥ 'ಭಾರತದ ಸಾಬೂನು' ಎಂದೇ.

ಇನ್ನು ಹುಣಸೆಹಣ್ಣು. ಅದರಲ್ಲಿರುವ ಟಾರ್ಟಾರಿಕ್ ಆಮ್ಲ ತಾಮ್ರ, ಹಿತ್ತಾಳೆಗಳ ಕಿಲುಬನ್ನು ಕರಗಿಸುತ್ತದೆ. ಹೊರಗೆ ಹಚ್ಚಿದರೆ ಕೊಡ ಹೊಳೆಯುತ್ತದೆ. ಆದರೆ ಅದೇ ಹುಳಿ ಪಾತ್ರೆಯ ಒಳಗೆ ಸಾರಾಗಿ ಕುದಿದರೆ ತಾಮ್ರವನ್ನು ಎಳೆದುಕೊಂಡು ಊಟವನ್ನು ವಿಷವಾಗಿಸುತ್ತದೆ. ಇಲ್ಲಿ ಅಡುಗೆಮನೆಯ ವಿದ್ಯೆ ಸಾಲುವುದಿಲ್ಲ, ಕಲಾಯಿಗಾರ ಬೇಕು.

'ಕಲಾಯಿ' ಎಂಬುದೂ ಅರಬಿ ಮೂಲದ ಪದವೇ. ಅಲ್ಲಿ ಅದರ ಅರ್ಥ ತವರ. ಕಲಾಯಿಗಾರ ಪಾತ್ರೆಯನ್ನು ಉಜ್ಜಿ, ತಿದಿಯೂದಿ ಕೆಂಡದ ಮೇಲೆ ಕಾಯಿಸಿ ನವಸಾಗರ ಉದುರಿಸುತ್ತಿದ್ದ. ಬಿಳಿ ಹೊಗೆ ಏಳುತ್ತಿದ್ದಂತೆ ಲೋಹದ ಮೈ ಶುಚಿಯಾಗುತ್ತಿತ್ತು. 232 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗುವ ತವರವನ್ನು ಹತ್ತಿಯಿಂದ ಒಳಮೈಗೆ ಸವರಿ, ಪಾತ್ರೆಯನ್ನು ನೀರಿಗದ್ದುತ್ತಿದ್ದ. ಉತ್ತರ ಕರ್ನಾಟಕದಲ್ಲಿ ಈ ಕಸುಬನ್ನು ಹಿಡಿದವರಲ್ಲಿ ಮುಸ್ಲಿಮ್ ಕುಟುಂಬಗಳೇ ಹೆಚ್ಚು. 'ಕಲಾಯಿಗಾರ' ಎಂಬ ಅಡ್ಡಹೆಸರು ಇಂದಿಗೂ ಉಳಿದಿದೆ. ಲಿಂಗಾಯತರ ಮನೆಯ ಹಂಡೆಯಾಗಲಿ, ಜೈನರ ಮನೆಯ ಪಾತೇಲಿಯಾಗಲಿ ಒಲೆಗೇರುವ ಮುನ್ನ ಈ ಕೈ ದಾಟಿ ಬರುತ್ತಿತ್ತು. ಸೌಹಾರ್ದವೆಂಬ ದೊಡ್ಡ ಪದವನ್ನು ಯಾರೂ ಬಳಸುತ್ತಿರಲಿಲ್ಲ. ಒಬ್ಬರ ಊಟದ ಸುರಕ್ಷತೆ ಇನ್ನೊಬ್ಬರ ಕೌಶಲದಲ್ಲಿತ್ತು, ಅಷ್ಟೆ.

ಈ ಲೋಕ ಒಮ್ಮೆಲೇ ಮುರಿಯಲಿಲ್ಲ. 1888ರಲ್ಲಿ ಲಿವರ್ ಕಂಪೆನಿಯ ಸನ್‌ಲೈಟ್ ಸಾಬೂನು ಕಲ್ಕತ್ತೆಗೆ ಬಂತು. 1959ರಲ್ಲಿ ಸರ್ಫ್ ಪುಡಿ ಬಂತು. 1969ರಲ್ಲಿ ಅಹಮದಾಬಾದಿನ ಕರ್ಸನ್‌ಭಾಯಿ ಪಟೇಲರು ಆರಂಭಿಸಿದ ನಿರ್ಮಾ, ಡಿಟರ್ಜೆಂಟನ್ನು ಬಡವರ ಕೈಗೂ ತಲುಪಿಸಿತು. ಸ್ಟೀಲ್ ಮತ್ತು ಅಲ್ಯೂಮಿನಿಯಂ ಪಾತ್ರೆಗಳು ಬಂದ ಮೇಲೆ ಕಲಾಯಿಯ ಅಗತ್ಯವೂ ಕುಗ್ಗಿತು. ಗ್ಯಾಸ್ ಒಲೆ ಬಂದಾಗ ಬೂದಿಯೇ ಇಲ್ಲವಾಯಿತು. ಈಗ ಅಂಗಡಿಯ ಸೀಸೆಯ ಮೇಲೆ ನಿಂಬೆಹಣ್ಣಿನ ಚಿತ್ರ ಹಾಕಿ, 'ನೈಸರ್ಗಿಕ' ಎಂದು ಬರೆದು ನಮಗೇ ಮಾರುತ್ತಿದ್ದಾರೆ.

ಹಾಗೆಂದು ಹಳೆಯದನ್ನೆಲ್ಲ ಹೊಗಳುವುದೂ ನ್ಯಾಯವಲ್ಲ. ಬೂದಿನೀರಿನಲ್ಲಿ ಬಿರಿದದ್ದು ಹೆಣ್ಣುಮಕ್ಕಳ ಕೈ. ನವಸಾಗರದ ಹೊಗೆ ಕುಡಿದದ್ದು ಕಲಾಯಿಗಾರನ ಎದೆ. ಊರಿನ ಕೊಳೆ ತೊಳೆದ ಅಗಸರಿಗೆ ಊರು ಕೊಟ್ಟದ್ದು ಕೀಳೆಂಬ ಹೆಸರು. ಸಾಬೂನಿನ ಉಪಕಾರವನ್ನೂ ಮರೆಯಲಾಗದು. 2020ರ ಕೊರೋನಾ ಕಾಲದಲ್ಲಿ ಅದೇ ನಮ್ಮ ಮೊದಲ ರಕ್ಷಣೆಯಾಗಿತ್ತು. ಆದರೆ ಮಿತಿ ಮೀರಿದ ಬಳಕೆಗೂ ಬೆಲೆಯಿದೆ. 2015ರಲ್ಲಿ ಬೆಂಗಳೂರಿನ ಬೆಳ್ಳಂದೂರು ಕೆರೆಯಿಂದ ರಸ್ತೆಗೆ ಉಕ್ಕಿದ ನೊರೆಯಲ್ಲಿ ಚರಂಡಿ ನೀರಿನೊಂದಿಗೆ ನಮ್ಮ ಮನೆಗಳ ಡಿಟರ್ಜೆಂಟೂ ಇತ್ತು.

ಆದ್ದರಿಂದ ಬೇಕಾದದ್ದು ವಿವೇಕ. ಹಿತ್ತಾಳೆಗೆ ಹುಣಸೆ, ನಲ್ಲಿಯ ಬಿಳಿ ಕಲೆಗೆ ನಿಂಬೆ ಅಥವಾ ಸಿರ್ಕಾ, ಜಿಡ್ಡಿಗೆ ಅಡುಗೆ ಸೋಡಾ ಸಾಕು. ಹುಳಿ ಮತ್ತು ಸೋಡಾವನ್ನು ಒಟ್ಟಿಗೆ ಬೆರೆಸಿದರೆ ನೊರೆಯೇನೋ ಬರುತ್ತದೆ, ಆದರೆ ಒಂದರ ಬಲವನ್ನು ಇನ್ನೊಂದು ಕಳೆಯುತ್ತದೆ. ಬ್ಲೀಚಿಂಗ್ ಪುಡಿಗೆ ಹುಳಿ ತಾಗಿಸಲೇಬಾರದು. ಹೊಮ್ಮುವ ಕ್ಲೋರಿನ್ ವಿಷಾನಿಲ. ಅಲ್ಯೂಮಿನಿಯಂ ಪಾತ್ರೆಗೆ ಬೂದಿ, ಸೋಡಾ ಹಚ್ಚಿದರೆ ಅದು ಕಪ್ಪಾಗುತ್ತದೆ.

ಸಿರಿಯಾದ ಅಲೆಪ್ಪೊ ಮತ್ತು ಫೆಲೆಸ್ತೀನಿನ ನಾಬ್ಲುಸ್‌ನ ಸಾಬೂನು ಕಸುಬುಗಳನ್ನು ಯುನೆಸ್ಕೊ 2024ರಲ್ಲಿ ಮಾನವ ಪರಂಪರೆಯ ಪಟ್ಟಿಗೆ ಸೇರಿಸಿತು. ಯುದ್ಧದ ನಡುವೆಯೂ ಅಲ್ಲಿನ ಜನ ತಮ್ಮ ಕಸುಬಿನ ಕಥೆಯನ್ನು ಬರೆದಿಟ್ಟುಕೊಂಡಿದ್ದಾರೆ. ಪಾಲಬಾವಿ, ಹಾರೂಗೇರಿ, ಕುಡಚಿಯ ಸುತ್ತಲಿನ ಕಲಾಯಿಗಾರರು, ಅಗಸರು, ಅಜ್ಜಿಯರು ಇರುವಾಗಲೇ ಅವರನ್ನು ಕೇಳಿ ಬರೆದುಕೊಳ್ಳಲು ನಮಗೆ ಯಾವ ಯುನೆಸ್ಕೊ ಬೇಕಾಗಿಲ್ಲ. ಶಾಲೆಯ ಮಕ್ಕಳು ಒಂದು ನೋಟುಪುಸ್ತಕ ಹಿಡಿದು ಹೊರಟರೂ ಸಾಕು.