ಈಜು ಬಂದರೆ ಲೈಫ್ ಜಾಕೆಟ್ ಬೇಡವೇ?

ದಕ್ಷಿಣ ಇಂಗ್ಲೆಂಡಿನ ಹಾಯಿದೋಣಿ ಕ್ಲಬ್‌ಗಳ ಸದಸ್ಯರು ವಾರಾಂತ್ಯದಲ್ಲಿ ಗುಂಪಾಗಿ ಸೊಲೆಂಟ್ ಜಲಸಂಧಿ ದಾಟಿ ಐಲ್ ಆಫ್ ವೈಟ್ ದ್ವೀಪದ ಕೌಸ್ ಪಟ್ಟಣಕ್ಕೆ ಹೋಗುವುದುಂಟು. ಅಲ್ಲಿನ ಮರೀನಾದಲ್ಲಿ, ಅಂದರೆ ವಿಹಾರ ದೋಣಿಗಳ ತಂಗುದಾಣದಲ್ಲಿ, ದೋಣಿ ಕಟ್ಟಿ, ಒಟ್ಟಿಗೆ ಊಟ ಮಾಡಿ, ಮರುದಿನ ವಾಪಸು. ದಾರಿ ಚಿಕ್ಕದು, ದಡವೂ ಕಾಣುತ್ತಿರುತ್ತದೆ. ಹಾಗಾದರೆ ಈಜು ಬಲ್ಲವರಿಗೆ ಲೈಫ್ ಜಾಕೆಟ್ ಬೇಡ ಎನ್ನುವ ಮಾತು ನಿಜವೇ?

ನಿಜವಲ್ಲ. ಬ್ರಿಟನ್ ಸುತ್ತಲಿನ ಸಮುದ್ರದ ಸರಾಸರಿ ಉಷ್ಣತೆ ಸುಮಾರು 12 ಡಿಗ್ರಿ ಸೆಲ್ಸಿಯಸ್. 15 ಡಿಗ್ರಿಗಿಂತ ತಣ್ಣಗಿನ ನೀರಿಗೆ ಹಠಾತ್ತನೆ ಬಿದ್ದರೆ ನಮಗೆ ಅರಿವಿಲ್ಲದೆಯೇ ಏದುಸಿರು ಬರುತ್ತದೆ. ಹೃದಯ ಬಡಿತ, ರಕ್ತದೊತ್ತಡ ಏರುತ್ತವೆ. ಆ ಕ್ಷಣ ಮುಖ ನೀರೊಳಗಿದ್ದರೆ ಉಸಿರಿನ ಜೊತೆ ನೀರೂ ಒಳಹೋಗುತ್ತದೆ. ಇದೇ 'ಕೋಲ್ಡ್ ವಾಟರ್ ಶಾಕ್'. ನುರಿತ ಈಜುಗಾರರನ್ನೂ ಇದು ಬಿಡುವುದಿಲ್ಲ.

ನೀರಿಗೆ ಬಿದ್ದರೆ ಏನು ಮಾಡಬೇಕು? ತಕ್ಷಣ ಈಜಲು ಹೋಗಬೇಡಿ. ತಲೆಯನ್ನು ಹಿಂದಕ್ಕೆ ವಾಲಿಸಿ, ಉಸಿರು ಹತೋಟಿಗೆ ಬರುವವರೆಗೆ ತೇಲಿ ಎನ್ನುತ್ತದೆ ಬ್ರಿಟನ್ನಿನ ಜೀವರಕ್ಷಕ ಸಂಸ್ಥೆ ಆರ್‌ಎನ್‌ಎಲ್‌ಐ. ಹಾಗೆ ತೇಲಲು ನೆರವಾಗುವುದೇ ಲೈಫ್ ಜಾಕೆಟ್. ಅದರ ಪಟ್ಟಿಗಳನ್ನು ಬಿಗಿಯದಿದ್ದರೆ ಅದು ಮೇಲಕ್ಕೆ ಜಾರಿ ಉಪಯೋಗಕ್ಕೆ ಬಾರದು.

ಮರೀನಾ ತಲುಪಿದ ಮೇಲೂ ಎಚ್ಚರ ಬೇಕು. ಊಟ, ಕುಡಿತ ಮುಗಿಸಿ ಕತ್ತಲಲ್ಲಿ ದೋಣಿ ಹತ್ತುವಾಗಲೂ ಕಾಲು ಜಾರಬಹುದು. ಈ ಮಾಹಿತಿಯನ್ನು ದೋಣಿ ವಿಹಾರಕ್ಕೆ ಹೊರಟವರಿಗೆ ಕಳುಹಿಸಿ.