ಊಟಿಯ ತೋಟದಲ್ಲಿ ಸಿಕ್ಕ ಹಟ್ಟಿ

ನಾವಿರುವುದು ಚೆನ್ನೈನ ಟಿ. ನಗರದಲ್ಲಿ. ಸೀರೆ, ಬಂಗಾರದ ಅಂಗಡಿಗಳ ನಡುವೆ ಕಾಲಿಡಲು ಜಾಗ ಸಿಗದ ಈ ಬಡಾವಣೆ ಒಂದು ಕಾಲಕ್ಕೆ ಕೆರೆಯಾಗಿತ್ತು ಅಂದರೆ ನಂಬ್ತೀರಾ? ಮಾಂಬಲಂ ಕಡೆಯ ದೊಡ್ಡ ಕೆರೆಯನ್ನು ಬತ್ತಿಸಿ 1920ರ ದಶಕದಲ್ಲಿ ಇಲ್ಲಿ ಮನೆಗಳನ್ನು ಕಟ್ಟಿದರು, ಪಿಟ್ಟಿ ತ್ಯಾಗರಾಯ ಚೆಟ್ಟಿಯವರ ಹೆಸರಿಟ್ಟರು.

ಇಲ್ಲೇ ಹುಟ್ಟಿದ ನಮ್ಮ ಮಗಳು ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುತ್ತಾಳೆ. ಕನ್ನಡ ಅಂದರೆ ಅವಳಿಗೆ ಅಪ್ಪ ಅಮ್ಮನ ಊರಿನ ಭಾಷೆ, ಅಷ್ಟೆ. ಈ ಕೊರಗು ಹೊತ್ತುಕೊಂಡೇ ನಾನು ಬೇಸಿಗೆ ರಜೆಯಲ್ಲಿ ಊಟಿಗೆ ಹೊರಟದ್ದು.

ಅಲ್ಲಿನ ಸರ್ಕಾರಿ ಸಸ್ಯೋದ್ಯಾನ ಬೆಟ್ಟದ ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಹಬ್ಬಿದೆ. ಸುಮಾರು 55 ಎಕರೆ. ಶುರುವಾದದ್ದು ಹೊಟ್ಟೆಪಾಡಿಗೆ ನೋಡಿ! 1845ರಲ್ಲಿ ಅಲ್ಲಿದ್ದ ಬಿಳಿಯರು ತಿಂಗಳಿಗೆ 3 ರೂಪಾಯಿ ಚಂದಾ ಹಾಕಿ ತರಕಾರಿ ತೋಟ ಮಾಡಿಕೊಂಡಿದ್ದರು. 1848ರಲ್ಲಿ ಲಂಡನ್ನಿನ ಕ್ಯೂ ಉದ್ಯಾನದಿಂದ ಬಂದ ವಿಲಿಯಂ ಗ್ರಹಾಂ ಮೆಕೈವರ್ ಅದನ್ನು ಈಗಿನ ರೂಪಕ್ಕೆ ತರಲು ಹೊರಟರು. ಊರು ಬಿಟ್ಟು ಬಂದವರು ತಮ್ಮೂರಿನ ಗಿಡಗಳನ್ನೂ ಜೊತೆಗೆ ತಂದರು. ಆದರೆ ತೋಟದ ಮೇಲ್ಭಾಗದಲ್ಲಿ ತೋಡರ ಮಂದ್ ಇದೆ. ಜಾಗ ಖಾಲಿಯೇನೂ ಇರಲಿಲ್ಲ!

ಅಲ್ಲೊಂದು ತಮಿಳು ಫಲಕದಲ್ಲಿ ಮಗಳು 'ದೊಡ್ಡಬೆಟ್ಟ' ಅಂತ ಓದಿದಳು. ನೀಲಗಿರಿಯ ಅತಿ ಎತ್ತರದ ಶಿಖರ ಅದು, 2,637 ಮೀಟರ್. "ತಮಿಳಲ್ಲಿ ಇದಕ್ಕೆ ಅರ್ಥವೇ ಇಲ್ವಲ್ಲ?" ಅಂದವಳು ಒಂದು ಕ್ಷಣ ಬಿಟ್ಟು, "ಅಯ್ಯೋ, ದೊಡ್ಡ ಬೆಟ್ಟ!" ಅಂತ ನಕ್ಕಳು.

ಗೇಟಿನ ಹೊರಗೆ ಕ್ಯಾರೆಟ್ ಮಾರುತ್ತಿದ್ದ ಅಜ್ಜಿ ಬಡಗರವರು. ಬಡಗ ಅಂದರೆ ಉತ್ತರ. ಈ ಜನರ ಹಿರಿಯರು ಶತಮಾನಗಳ ಹಿಂದೆ ಮೈಸೂರು ಸೀಮೆಯಿಂದ ಬೆಟ್ಟ ಹತ್ತಿದವರು ಅನ್ನುತ್ತಾರೆ. ಅವರ ಮಾತು ಕನ್ನಡಕ್ಕೆ ತೀರಾ ಹತ್ತಿರ, ಆದರೂ ಅದರದ್ದೇ ಆದ ಭಾಷೆ. ಹಾಲಿಗೆ ತಮಿಳಿನ 'ಪಾಲ್' ಅಲ್ಲ, 'ಹಾಲು' ಅಂತಲೇ ಅನ್ನುತ್ತಾರೆ. ಹಳ್ಳಿಗೆ 'ಹಟ್ಟಿ'. ಮಗಳು ಅಜ್ಜಿಯ ಮಾತನ್ನು ಬಾಯಿ ಬಿಟ್ಟುಕೊಂಡು ಕೇಳಿದಳು. ಮುಕ್ಕಾಲು ಪಾಲು ಅರ್ಥವಾಯಿತಂತೆ.

ಮಾರನೇ ದಿನ ಸೇಂಟ್ ಸ್ಟೀಫನ್ಸ್ ಚರ್ಚಿಗೆ ಹೋದೆವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ನೀಲಗಿರಿ ಕಂಪನಿಯ ಕೈಸೇರಿತು. 1829ರಲ್ಲಿ ಈ ಚರ್ಚಿಗೆ ಅಡಿಗಲ್ಲು ಬಿತ್ತು. ಅದರ ದೊಡ್ಡ ತೊಲೆಯೂ ಇತರ ಮರವೂ ಟಿಪ್ಪುವಿನ ಶ್ರೀರಂಗಪಟ್ಟಣದ ಅರಮನೆಯಿಂದ ಕಿತ್ತು ತಂದದ್ದು. ಗೆದ್ದವರು ಕಿತ್ತುಕೊಂಡು ಬಂದ ಮರ ಅಂತ ನೆನೆದರೆ ಸಂಕಟವಾಗುತ್ತದೆ. ಆದರೆ ಸುಮಾರು ಇನ್ನೂರು ವರ್ಷದಿಂದ ಅದು ಆ ಸೂರನ್ನು ಹೊತ್ತು ನಿಂತಿದೆಯಲ್ಲ, ಅದೂ ನಿಜವೇ.

ಬಡಗರು ತಾವಾಗಿ ಬಂದವರು, ಮರ ಕಿತ್ತು ತಂದದ್ದು; ಎರಡೂ ಒಂದೇ ಅಲ್ಲ. ನಾವು ಕೆಲಸಕ್ಕಾಗಿ ಬಂದವರು. ಆದರೆ ನುಡಿ ಉಳಿಯುವುದು ಅದನ್ನು ಮನೆಯಲ್ಲಿ ದಿನಾ ಆಡಿದರೆ ಮಾತ್ರ, ಆ ಅಜ್ಜಿಯ ಮನೆಯಲ್ಲಿ ಆದ ಹಾಗೆ.

ವಾಪಸು ರೈಲಿನಲ್ಲಿ ಮಗಳು ಕೇಳಿದಳು: "ಅಪ್ಪಾ, ನಮ್ಮ ಹಟ್ಟಿ ಯಾವುದು?"

ತುಮಕೂರು ಅನ್ನಲೇ, ಟಿ. ನಗರ ಅನ್ನಲೇ? ತಕ್ಷಣಕ್ಕೆ ತೋಚಲಿಲ್ಲ. ಆದರೆ ಪ್ರಶ್ನೆ ಮಾತ್ರ ಕನ್ನಡದಲ್ಲೇ ಇತ್ತು.