ಪರೀಕ್ಷೆಯ ದಿನದ ಬುತ್ತಿ

ಕುರೆಕುಪ್ಪ, ತೋರಣಗಲ್ಲು ಸೀಮೆಯ ಬಡ ಮನೆಯ ಮಗುವಿನ ಪಾಲಿಗೆ ಎಸ್.ಎಸ್.ಎಲ್.ಸಿ.ಗಿಂತ ದೊಡ್ಡ ಪರೀಕ್ಷೆಯೊಂದು ಐದನೆಯ ತರಗತಿಯಲ್ಲಿಯೇ ಬರುತ್ತದೆ. ಅದು ಜವಾಹರ ನವೋದಯ ವಿದ್ಯಾಲಯದ ಪ್ರವೇಶ ಪರೀಕ್ಷೆ. ಹತ್ತನೆಯ ತರಗತಿಯಲ್ಲಿ ಅನುತ್ತೀರ್ಣನಾದವನು ಮತ್ತೆ ಕಟ್ಟಬಹುದು. ಆರನೆಯ ತರಗತಿಯ ನವೋದಯ ಪರೀಕ್ಷೆಗೆ ಮಾತ್ರ ಎರಡನೆಯ ಸಲ ಕೂರಲು ನಿಯಮವೇ ಬಿಡುವುದಿಲ್ಲ. ಎರಡು ತಾಸು, ಎಂಬತ್ತು ಪ್ರಶ್ನೆ, ನೂರು ಅಂಕ. ಅದರಲ್ಲಿ ಅರ್ಧದಷ್ಟು ಅಂಕಗಳು ಮಾನಸಿಕ ಸಾಮರ್ಥ್ಯಕ್ಕೆ ಮೀಸಲು, ಉಳಿದರ್ಧ ಗಣಿತಕ್ಕೂ ಭಾಷೆಗೂ ಸಮನಾಗಿ ಹಂಚಿಕೆಯಾಗಿವೆ. ಜಿಲ್ಲೆಗೆ ಒಂದು ಶಾಲೆ, ಶಾಲೆಗೆ ಹೆಚ್ಚೆಂದರೆ ಎಂಬತ್ತು ಸ್ಥಾನ. ಆಯ್ಕೆಯಾದ ಮಗುವಿಗೆ ಊಟ, ವಸತಿ, ಪುಸ್ತಕ, ಬಟ್ಟೆ ಎಲ್ಲವೂ ಸರ್ಕಾರದ್ದು.

ಈ ಶಾಲೆಗಳು 1985-86 ರಲ್ಲಿ ಹರಿಯಾಣದ ಝಜ್ಜರ್ ಮತ್ತು ಮಹಾರಾಷ್ಟ್ರದ ಅಮರಾವತಿಯಲ್ಲಿ ಪ್ರಯೋಗವಾಗಿ ಆರಂಭವಾದವು. 1986 ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆಂಬಲದಿಂದ ದೇಶದಲ್ಲೆಲ್ಲ ಹರಡಿದವು. ಅವಿಭಜಿತ ಬಳ್ಳಾರಿ ಜಿಲ್ಲೆಗೆ ದೊರೆತದ್ದು ಕೂಡ್ಲಿಗಿ ತಾಲ್ಲೂಕಿನ ಚಿಕ್ಕಜೋಗಿಹಳ್ಳಿಯ ಶಾಲೆ. 2021 ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದಾಗ ಕೂಡ್ಲಿಗಿ ಅತ್ತ ಹೋಯಿತು, ಸಂಡೂರು ತಾಲ್ಲೂಕು ಇತ್ತ ಉಳಿಯಿತು. ಮುಕ್ಕಾಲು ಪಾಲು ಸ್ಥಾನಗಳು ಗ್ರಾಮೀಣ ಮಕ್ಕಳಿಗೆ ಮೀಸಲು. ಕುರೆಕುಪ್ಪ ಈಗ ಪುರಸಭೆಯ ಊರು. ಆದ್ದರಿಂದ ಇಲ್ಲಿಯ ಪೋಷಕರು ತಮ್ಮ ಮಗು ಯಾವ ವರ್ಗಕ್ಕೆ ಸೇರುತ್ತದೆಂಬುದನ್ನು ಅರ್ಜಿ ತುಂಬುವ ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು. ಇರಲಿ, ನಾನು ಹೇಳಹೊರಟಿದ್ದು ಬೇರೆಯ ವಿಷಯ.

ಇಂತಹ ಪರೀಕ್ಷೆಯ ದಿನ ಮಗುವಿಗೆ ಏನು ಉಣಿಸಬೇಕು? ಪೋಷಕರು ಬಹುಕಾಲದಿಂದ ಕೇಳುತ್ತಿರುವ ಪ್ರಶ್ನೆಯಿದು. ಪ್ರಶ್ನೆ ಸಣ್ಣದೆಂದು ಕಂಡರೂ ನಮ್ಮ ಸೀಮೆಯಲ್ಲಿ ಅದಕ್ಕೊಂದು ದೀರ್ಘ ಇತಿಹಾಸವಿದೆ.

ಮನುಷ್ಯನಿಗೆ ದಿನಕ್ಕೆ ಎಷ್ಟು ಆಹಾರ ಸಾಕೆಂಬ ಚರ್ಚೆ ಮದರಾಸು ಪ್ರಾಂತದಲ್ಲಿ ಸರ್ಕಾರಿ ಕಡತಗಳಿಗೇರಿದ್ದು 1877 ರ ಬರಗಾಲದಲ್ಲಿ. ಆ ಬರಕ್ಕೆ ಅತ್ಯಂತ ಘೋರವಾಗಿ ತುತ್ತಾದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಕಾಮಗಾರಿಯಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು, ಎಂದರೆ ಸುಮಾರು 450 ಗ್ರಾಂ ಧಾನ್ಯ ಮತ್ತು ಮೇಲುಖರ್ಚಿಗೆ ಒಂದಾಣೆ ಸಾಕೆಂದು ಸರ್ ರಿಚರ್ಡ್ ಟೆಂಪಲ್ ನಿರ್ಧರಿಸಿದರು. ಪ್ರಾಂತದ ಆರೋಗ್ಯ ಕಮಿಷನರ್ ಆಗಿದ್ದ ಡಾಕ್ಟರ್ ಕಾರ್ನಿಷ್ ಇದು ದೇಹ ಸವೆಸುವ ಅಳತೆಯೆಂದು ಪಟ್ಟುಹಿಡಿದು ವಿರೋಧಿಸಿದರು. ಬರೀ ಧಾನ್ಯ ಸಾಲದು, ಬೇಳೆಕಾಳೂ ಬೇಕೆಂಬುದು ಅವರ ವಾದ. ಒಂದೂವರೆ ಶತಮಾನದ ಹಿಂದಿನ ಆ ವೈದ್ಯನ ಮಾತು ಇಂದು ನಾನು ಮಗುವಿನ ಬುತ್ತಿಯ ಬಗೆಗೆ ಹೇಳಬೇಕೆಂದಿರುವ ಮಾತಿಗೆ ತೀರ ಹತ್ತಿರವಾಗಿದೆ.

ಓದುವ ಮಗುವಿಗೆ ಅನ್ನ ಕೊಡುವ ಹೊಣೆ ಆ ಕಾಲಕ್ಕೆ ಸರ್ಕಾರದ್ದಾಗಿರಲಿಲ್ಲ. ವಾರಾನ್ನದ ಹುಡುಗರು ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ ಎಂದು ಎಲೆ ಹುಡುಕಿಕೊಂಡು ಓದಿದರು; ಆ ಬಾಗಿಲುಗಳೂ ಜಾತಿ ನೋಡಿಯೇ ತೆರೆಯುತ್ತಿದ್ದವು. ಮಠಗಳ ದಾಸೋಹ ಮತ್ತು ಸಮಾಜಗಳ ಉಚಿತ ವಿದ್ಯಾರ್ಥಿನಿಲಯಗಳು ಅನೇಕರನ್ನು ಕಾಪಾಡಿದವು. ಮದರಾಸು ನಗರಸಭೆಯು 1920 ರಲ್ಲಿ ಪಿ. ತ್ಯಾಗರಾಯ ಚೆಟ್ಟಿಯವರ ಅಧ್ಯಕ್ಷತೆಯಲ್ಲಿ, ಥೌಸಂಡ್ ಲೈಟ್ಸ್ ಬಡಾವಣೆಯ ತನ್ನ ಶಾಲೆಯ ಮಕ್ಕಳಿಗೆ ತಲೆಗೆ ಒಂದಾಣೆ ಮೀರದಂತೆ ಉಪಾಹಾರ ಕೊಡಲು ಒಪ್ಪಿತು. ಬಳ್ಳಾರಿಯೂ ಅದೇ ಪ್ರಾಂತಕ್ಕೆ ಸೇರಿತ್ತಾದರೂ ಆ ಒಂದಾಣೆ ಇಷ್ಟು ದೂರ ಬರಲಿಲ್ಲ.

ಇಲ್ಲಿ ಇತಿಹಾಸದ ಒಂದು ವಕ್ರತೆಯಿದೆ. 1953 ರ ಅಕ್ಟೋಬರ್ 1 ರಂದು ಬಳ್ಳಾರಿಯು ಮದರಾಸನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಕನ್ನಡಿಗರಾದ ನಮಗೆ ಅದು ಹಬ್ಬದ ದಿನ, ಸಂಶಯವಿಲ್ಲ. ಆದರೆ ಮೂರೇ ವರ್ಷಗಳಲ್ಲಿ, 1956 ರಲ್ಲಿ, ಕಾಮರಾಜರು ಮದರಾಸು ರಾಜ್ಯದ ಶಾಲೆಗಳಲ್ಲಿ ಮಧ್ಯಾಹ್ನದ ಊಟವನ್ನು ಆರಂಭಿಸಿದರು. ನಾವು ಆ ಪಂಕ್ತಿಯಿಂದ ಎದ್ದು ಬಂದಿದ್ದೆವು. ಮುಂದೆ ಕೇರ್ ಸಂಸ್ಥೆಯ ರವೆಯ ಉಪ್ಪಿಟ್ಟು, ಹಾಲಿನ ಪುಡಿ ಕೆಲವು ಶಾಲೆಗಳಿಗೆ ಬಂದವು. ಆ ಉಪ್ಪಿಟ್ಟಿನ ವಾಸನೆಯನ್ನು ನನ್ನ ತಲೆಮಾರಿನವರು ಮರೆತಿರಲಾರರು. 1995 ರ ಆಗಸ್ಟ್ 15 ರಂದು ಬಂದ ಕೇಂದ್ರದ ಯೋಜನೆ ಅನೇಕ ರಾಜ್ಯಗಳಲ್ಲಿ ತಿಂಗಳಿಗೆ ಮೂರು ಕಿಲೋ ಧಾನ್ಯವನ್ನು ಮನೆಗೆ ಹೊತ್ತೊಯ್ಯುವಷ್ಟಕ್ಕೆ ನಿಂತಿತು. ಬೇಯಿಸಿದ ಊಟವನ್ನೇ ಕೊಡಬೇಕೆಂದು ಸುಪ್ರೀಂ ಕೋರ್ಟು 2001 ರ ನವೆಂಬರ್ 28 ರಂದು ಆಜ್ಞಾಪಿಸಿದ ಮೇಲೆ, 2002 ರ ಜೂನ್‌ನಲ್ಲಿ ಅಕ್ಷರ ದಾಸೋಹವು ಮೊದಲು ಆರಂಭವಾದ ಏಳು ಜಿಲ್ಲೆಗಳಲ್ಲಿ ಬಳ್ಳಾರಿಯೂ ಇತ್ತು. ಕಾಮರಾಜರ ಊಟಕ್ಕೂ ನಮ್ಮ ಊಟಕ್ಕೂ ನಡುವೆ ನಲವತ್ತಾರು ವರ್ಷ.

2013 ರಲ್ಲಿ ಕ್ಷೀರಭಾಗ್ಯದ ಹಾಲು ಬಂದಿತು. 2021 ರ ಡಿಸೆಂಬರ್‌ನಲ್ಲಿ ಅಪೌಷ್ಟಿಕತೆ ಹೆಚ್ಚಿದ್ದ ಜಿಲ್ಲೆಗಳಿಗೆ ಮೊಟ್ಟೆ, ಬೇಡವೆಂದವರಿಗೆ ಬಾಳೆಹಣ್ಣು ಬಂದಿತು. ಬಳ್ಳಾರಿ ಅಲ್ಲಿಯೂ ಇತ್ತು. ಮೊಟ್ಟೆಯ ಬಗೆಗೆ ಎಷ್ಟು ಗದ್ದಲವಾಯಿತೆಂಬುದು ಎಲ್ಲರಿಗೂ ತಿಳಿದದ್ದೇ. ಮೊಟ್ಟೆ ದೊರೆತ ಯಾದಗಿರಿಯ ಮಕ್ಕಳು, ಆಗ ದೊರೆಯದಿದ್ದ ಗದಗಿನ ಮಕ್ಕಳಿಗಿಂತ ಹೆಚ್ಚು ತೂಕ ಪಡೆದರೆಂದು ಗದಗಿನ ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯದ ಅಧ್ಯಯನ ತಿಳಿಸಿದ ಮೇಲೆ ವಾದಿಸುವವರ ದನಿ ಸ್ವಲ್ಪ ತಗ್ಗಬೇಕಿತ್ತು.

ಈಗ ಪರೀಕ್ಷೆಯ ದಿನಕ್ಕೆ ಬರೋಣ. ನವೋದಯ ಪರೀಕ್ಷೆ ನಡೆಯುವುದು ಸಾಮಾನ್ಯವಾಗಿ ಚಳಿಗಾಲದ ಒಂದು ಶನಿವಾರ, ಬೆಳಿಗ್ಗೆ 11:30 ರಿಂದ ಮಧ್ಯಾಹ್ನ 1:30 ರವರೆಗೆ. ಪ್ರತಿದಿನ ಶಾಲೆಯಲ್ಲಿ ಹಾಲು ಕುಡಿದು, ಬಿಸಿಯೂಟ ಉಣ್ಣುವ ಮಗು ಅಂದು ತನ್ನ ಶಾಲೆಯಲ್ಲಿರುವುದಿಲ್ಲ. ಆಯುಷ್ಯದಲ್ಲಿ ಒಂದೇ ಸಲ ಬರುವ ಪರೀಕ್ಷೆಯ ದಿನವೇ ಸರ್ಕಾರದ ತಟ್ಟೆ ಅದರ ಮುಂದಿರುವುದಿಲ್ಲ! ಉಳ್ಳವರ ಮಗುವಿಗೆ ಇದರಿಂದ ಏನೂ ವ್ಯತ್ಯಾಸವಾಗದು. ಆ ಹಾಲನ್ನೂ ಊಟವನ್ನೂ ನಂಬಿದ ಕೂಲಿಯವರ ಮಗುವಿಗೆ ಬಹಳ ವ್ಯತ್ಯಾಸವಾಗುತ್ತದೆ.

ಗಡಿಯಾರವನ್ನೂ ನೋಡಿ. ಕೇಂದ್ರ ಸಂಡೂರಿನಲ್ಲಿ ಬಿದ್ದರೆ, ಅದಿರು ಲಾರಿಗಳ ದಾರಿಯನ್ನು ನಂಬುವಂತಿಲ್ಲವಾದ್ದರಿಂದ ಕುರೆಕುಪ್ಪದವರು ಬೇಗ ಹೊರಡಬೇಕು. ಏಳು ಗಂಟೆಗೆ ತಿಂದ ಮಗು ಎರಡು ಗಂಟೆಯವರೆಗೆ ಮತ್ತೇನನ್ನೂ ತಿನ್ನದಿದ್ದರೆ ಏಳು ತಾಸಿನ ಉಪವಾಸ. ದೊಡ್ಡವರ ದೇಹ ವಿಶ್ರಾಂತಿಯಲ್ಲಿ ವ್ಯಯಿಸುವ ಶಕ್ತಿಯಲ್ಲಿ ಸುಮಾರು ಐದನೆಯ ಒಂದು ಪಾಲು ಮಿದುಳಿಗೇ ಹೋಗುತ್ತದೆ. ಮಕ್ಕಳಲ್ಲಿ ಆ ಪಾಲು ಇನ್ನೂ ಹೆಚ್ಚು. ಜಮೈಕಾ ದೇಶದ ಹಳ್ಳಿಶಾಲೆಗಳಲ್ಲಿ ಒಂದು ವರ್ಷ ಬೆಳಗಿನ ಉಪಾಹಾರ ಕೊಟ್ಟು ನೋಡಿದಾಗ ಹಾಜರಾತಿ ಹೆಚ್ಚಿತು, ಚಿಕ್ಕ ತರಗತಿಯವರ ಗಣಿತ ಸ್ವಲ್ಪ ಸುಧಾರಿಸಿತು ಎಂದು 1998 ರಲ್ಲಿ ಪ್ರಕಟವಾಗಿದೆ. ಆ ಫಲ ಬಂದದ್ದು ವರ್ಷದ ಊಟದಿಂದ. ಆದ್ದರಿಂದ ಪರೀಕ್ಷೆಯ ಮುಂಜಾನೆ ಬಾದಾಮಿ ತಿನ್ನಿಸಿ ಬುದ್ಧಿ ಬೆಳೆಸುವೆವೆಂಬುದು ವ್ಯರ್ಥ. ಅಂದಿನ ಊಟದ ಕೆಲಸ ಒಂದೇ: ಇರುವ ಬುದ್ಧಿ 1:30 ರವರೆಗೆ ಹಸಿವಿನ ಕಡೆಗೆ ತಿರುಗದಂತೆ ನೋಡಿಕೊಳ್ಳುವುದು.

ಹೀಗಾಗಿ ನನ್ನ ಸಲಹೆ ಇಷ್ಟು. ರಾತ್ರಿ ಎಂದಿನ ರೊಟ್ಟಿ ಅಥವಾ ಅನ್ನ-ಸಾರು ಉಂಡು ಮಗು ಬೇಗ ಮಲಗಲಿ. ಬೆಳಿಗ್ಗೆ ಜೋಳದ ರೊಟ್ಟಿ, ಮೆದುವಾದ ಬೇಳೆಯ ಪಲ್ಯ, ಅಭ್ಯಾಸವಿದ್ದರೆ ಬೇಯಿಸಿದ ಮೊಟ್ಟೆ, ಒಂದು ಲೋಟ ಹಾಲು. ಕಾರ್ನಿಷ್ ಬೇಡಿದ ಧಾನ್ಯ, ಕಾಳು ಎರಡೂ ಅಲ್ಲಿ ಬಂದವು. ಜೋಳದಲ್ಲಿರುವ ಕಬ್ಬಿಣಾಂಶ ಮೈಗೆ ಸುಲಭವಾಗಿ ಹತ್ತದು. ನಿಂಬೆಹಣ್ಣಿನ ರಸ ಅದಕ್ಕೆ ನೆರವಾಗುತ್ತದೆ, ಊಟದ ಜೊತೆಗಿನ ಚಹಾ ಅಡ್ಡಿಯಾಗುತ್ತದೆ. ಇದು ಪರೀಕ್ಷೆಯ ದಿನಕ್ಕಿಂತ ಹಿಂದಿನ ಆರು ತಿಂಗಳಿಗೆ ಅನ್ವಯಿಸುವ ಮಾತು.

ನಮ್ಮ ಸೀಮೆಯ ಒಗ್ಗರಣೆ-ಮಿರ್ಚಿಯ ಮೇಲೆ ನನಗೆ ದ್ವೇಷವಿಲ್ಲ. ಇಂದಿಗೂ ಸಿಕ್ಕರೆ ಬಿಡುವವನಲ್ಲ. ಆದರೆ ಪರೀಕ್ಷೆಯ ಮುಂಜಾನೆ ಬಸ್‌ಸ್ಟ್ಯಾಂಡಿನಲ್ಲಿ ಮಗುವಿಗೆ ಅದನ್ನು ಕೊಡಿಸಬೇಡಿ. ಮಂಡಕ್ಕಿ ಹೊಟ್ಟೆ ತುಂಬಿದಂತೆ ಮಾಡಿ ಬೇಗ ಕರಗುತ್ತದೆ. ಮೆಣಸಿನಕಾಯಿ ಮಾತ್ರ ಕರಗದೆ ಪ್ರಶ್ನೆಪತ್ರಿಕೆಯವರೆಗೂ ಜೊತೆಗೆ ಬರುತ್ತದೆ. ಮೊಸರು-ಸಕ್ಕರೆಯ ಶುಭಶಕುನ ಬೇಕಾದವರು ಒಂದು ಚಮಚ ಕೊಡಲಿ, ಅದೇ ಉಪಾಹಾರವಾಗದಿರಲಿ.

ಮುಖ್ಯವಾದದ್ದು ಎರಡನೆಯ ಬುತ್ತಿ. ಹತ್ತು ಗಂಟೆಯ ಸುಮಾರಿಗೆ, ಕೇಂದ್ರದ ಗೇಟಿನೊಳಗೆ ಕಳಿಸುವ ಮುನ್ನ, ಒಂದು ಬಾಳೆಹಣ್ಣು, ಒಂದು ಹಿಡಿ ಹುರಿದ ಶೇಂಗಾ, ಸಣ್ಣ ತುಂಡು ಬೆಲ್ಲ, ಮನೆಯಿಂದ ತಂದ ನೀರು. ಕೂಲಿ ತಪ್ಪಿಸಿಕೊಂಡು ಬರಲಾಗದ ತಂದೆತಾಯಿಗಳ ಮಕ್ಕಳನ್ನು ಅನೇಕ ಕಡೆ ಶಿಕ್ಷಕರೇ ಒಟ್ಟಾಗಿ ಕರೆದೊಯ್ಯುತ್ತಾರೆ. ಅಂತಹ ಶಿಕ್ಷಕರು ಒಂದು ಗೊನೆ ಬಾಳೆಹಣ್ಣು, ಎರಡು ಕಿಲೋ ಶೇಂಗಾ ಹೆಚ್ಚಿಗೆ ಒಯ್ಯಲಿ. ಬುತ್ತಿ ತರದೆ ಬಂದ ಮಗು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಆದ್ದರಿಂದ ಯಾರನ್ನೂ ಕೇಳದೆ, ಎಲ್ಲರನ್ನೂ ಸಾಲಾಗಿ ಕೂರಿಸಿ ಹಂಚಬೇಕು.